ತಾಮ್ರ ತೆಗೆದು ಬಿಟ್ಟುಹೋದ ಊರು: ಬೆಂಗಳೂರಿನಿಂದ ಅಲಾಸ್ಕಾದ ಮೆಕಾರ್ಥಿ ಮತ್ತು ಕೆನೆಕಾಟ್‌ಗೆ ಹೋಗಿಬರುವ ಬಗೆ

ಅಲಾಸ್ಕಾದ ಮೆಕಾರ್ಥಿ ಎಂಬ ಊರಿಗೆ ಡಾಂಬರು ರಸ್ತೆಯಿಲ್ಲ. ಪ್ರವಾಸಿಗರ ಕಾರು ಕೆನೆಕಾಟ್ ನದಿಯ ಈಚೆ ದಡದಲ್ಲಿಯೇ ನಿಲ್ಲುತ್ತದೆ. ಅಲ್ಲಿಂದ ಚೀಲ ಹೆಗಲಿಗೇರಿಸಿಕೊಂಡು ಕಾಲುಸೇತುವೆಯನ್ನು ದಾಟಬೇಕು. ಮೆಕಾರ್ಥಿಯಿಂದ 8 ಕಿಲೋಮೀಟರ್ ಮೇಲಕ್ಕೆ, ಹಿಮನದಿಯ ಅಂಚಿನಲ್ಲಿ, 1938ರಲ್ಲಿ ಕೆಲಸ ನಿಂತುಹೋದ ಕೆನೆಕಾಟ್ ತಾಮ್ರದ ಗಣಿಯ ಕೆಂಪು ಕಟ್ಟಡಗಳಿವೆ. 2010ರ ಜನಗಣತಿಯಲ್ಲಿ ಮೆಕಾರ್ಥಿಯ ಜನಸಂಖ್ಯೆ 28 ಇತ್ತು. ಅಷ್ಟು ಸಣ್ಣ ಊರಿನ ಹೆಸರು ಬೆಂಗಳೂರಿನವರ ಕಿವಿಗೂ ಬಿದ್ದಿದ್ದರೆ ಅದಕ್ಕೆ ಮುಖ್ಯ ಕಾರಣ ಡಿಸ್ಕವರಿ ವಾಹಿನಿಯಲ್ಲಿ 2014ರಿಂದ ಪ್ರಸಾರವಾದ ‘ಎಡ್ಜ್ ಆಫ್ ಅಲಾಸ್ಕಾ’ ಎಂಬ ರಿಯಾಲಿಟಿ ಸರಣಿ. ಊರನ್ನು ಪ್ರವಾಸಿ ತಾಣವಾಗಿ ಬೆಳೆಸಬೇಕೆನ್ನುವವರಿಗೂ ತಮ್ಮನ್ನು ತಮ್ಮ ಪಾಡಿಗೆ ಬಿಡಿ ಎನ್ನುವವರಿಗೂ ನಡುವಿನ ಜಗಳವೇ ಆ ಸರಣಿಯ ಬಂಡವಾಳವಾಗಿತ್ತು.

ಆ ಜಗಳವನ್ನು ಹುಡುಕಿಕೊಂಡು ಹೋಗುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಷ್ಟು ದೂರ ಹೋಗಿ ನೋಡಬೇಕಾದದ್ದು ಬೇರೆಯೇ ಇದೆ: ಒಂದು ಕಂಪನಿ ಬೆಟ್ಟದ ತುದಿಯಲ್ಲಿ ಇಡೀ ಊರನ್ನು ಕಟ್ಟಿ, ಅದಿರು ಮುಗಿದ ಮೇಲೆ ಆ ಊರನ್ನು ಹೇಗೆ ಬಿಟ್ಟುಹೋಯಿತು ಎಂಬುದು, ಮತ್ತು ಅದರ ಪಕ್ಕದಲ್ಲಿಯೇ ಇಂದಿಗೂ ಚಲಿಸುತ್ತಿರುವ ಹಿಮನದಿ. ಈ ಲೇಖನವನ್ನು ಆ ಎರಡನ್ನು ನೋಡಲು ಹೊರಡುವವರಿಗಾಗಿ, ಹೊರಡುವ ಕ್ರಮದಲ್ಲಿಯೇ ಬರೆಯಲಾಗಿದೆ.

ಮೊದಲ ಹೆಜ್ಜೆ: ಒಂದು ಭಾನುವಾರ ಕೆಜಿಎಫ್‌ಗೆ ಹೋಗಿಬನ್ನಿ

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಗಣಿ ಊರೊಂದನ್ನು ಹೇಗೆ ನೋಡಬೇಕೆಂಬ ಅಭ್ಯಾಸ ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿಯೇ ಸಿಗುವಾಗ, ಆ ಅಭ್ಯಾಸವಿಲ್ಲದೆ ಭೂಗೋಳದ ಇನ್ನೊಂದು ಬದಿಗೆ ಹೋಗುವುದು ವ್ಯರ್ಥ. ಬಂಗಾರಪೇಟೆಯ ಮೂಲಕ ಮಾರಿಕುಪ್ಪಂಗೆ ಹೋಗುವ ರೈಲು ಹತ್ತಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಒಂದರ ಹಿಂದೆ ಒಂದು ಬರುತ್ತವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳನ್ನು ದೂರದಿಂದಲೇ ನೋಡಿ, ಅವುಗಳ ದೂಳನ್ನು ಉಸಿರಾಡಬೇಡಿ, ಮುಚ್ಚಿದ ಗಣಿಯ ಆವರಣಕ್ಕೆ ನುಗ್ಗಬೇಡಿ.

ಗಮನಿಸಬೇಕಾದದ್ದು ಮೂರು ಸಂಗತಿಗಳನ್ನು. ಅಧಿಕಾರಿಗಳ ಬಂಗಲೆಗಳು ಎಲ್ಲಿವೆ, ಕಾರ್ಮಿಕರ ಲೈನ್ ಮನೆಗಳು ಎಲ್ಲಿವೆ. ಅದಿರು ಯಾವ ದಾರಿಯಲ್ಲಿ ಹೊರಬಂತು. ಉಳಿದ ಕಸವನ್ನು ಎಲ್ಲಿ ಸುರಿದರು. ಕೆನೆಕಾಟ್‌ನಲ್ಲಿ ಈ ಮೂರೂ ಪ್ರಶ್ನೆಗಳು ಹಾಗೆಯೇ ಎದುರಾಗುತ್ತವೆ, ಉತ್ತರಗಳು ಮಾತ್ರ ಬೇರೆ. ಬಹುದೊಡ್ಡ ವ್ಯತ್ಯಾಸವೆಂದರೆ, ಕೆಜಿಎಫ್‌ನಲ್ಲಿ ಗಣಿ ನಿಂತರೂ ಜನ ಉಳಿದರು. ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಕೆನೆಕಾಟ್‌ನಲ್ಲಿ ಕಂಪನಿ ಹೊರಟಾಗ ಜನರೂ ಹೊರಟರು, ಏಕೆಂದರೆ ರೈಲು ನಿಂತ ಮೇಲೆ ಅಲ್ಲಿ ಉಳಿಯಲು ದಾರಿಯೇ ಇರಲಿಲ್ಲ.

ಎರಡನೆಯ ಹೆಜ್ಜೆ: ಕಾಲ, ವೀಸಾ, ವಿಮಾನ

ಹೋಗಬಹುದಾದ ಕಾಲ ಬಹಳ ಚಿಕ್ಕದು. ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ವಸತಿಗೃಹಗಳು, ಮಾರ್ಗದರ್ಶಕರು, ವ್ಯಾನ್‌ಗಳು ಲಭ್ಯವಿರುತ್ತವೆ. ಉಳಿದ ತಿಂಗಳುಗಳಲ್ಲಿ ಊರು ತನ್ನ ಚಳಿಗಾಲದ ಕೆಲವೇ ನಿವಾಸಿಗಳಿಗೆ ಸೇರಿದ್ದು. ಜೂನ್‌ನಲ್ಲಿ ಹಗಲು 19 ಗಂಟೆಗೂ ಹೆಚ್ಚು ಇರುತ್ತದೆ, ರಾತ್ರಿಯೆಂಬುದು ಮಸುಕು ಬೆಳಕಷ್ಟೇ. ಆದ್ದರಿಂದ ಕಣ್ಣುಪಟ್ಟಿ ಒಯ್ಯಿರಿ, ಮತ್ತು ಆ ತಿಂಗಳಲ್ಲಿ ಧ್ರುವಪ್ರಭೆ ಎಂಬ ರಾತ್ರಿ ಆಕಾಶದ ಬಣ್ಣದ ಬೆಳಕು ಕಾಣುತ್ತದೆಂಬ ಆಸೆಯನ್ನು ಬಿಡಿ. ಧ್ರುವಪ್ರಭೆ ಬೇಕಾದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಹೋಗಬೇಕು. ಆಗ ರಾತ್ರಿ ಕತ್ತಲಾಗುತ್ತದೆ, ಸೊಳ್ಳೆ ಕಡಿಮೆಯಾಗುತ್ತದೆ, ಗಿಡಗಳ ಎಲೆ ಹಳದಿಗೆ ತಿರುಗುತ್ತದೆ, ಆದರೆ ಮಳೆಯೂ ಚಳಿಯೂ ಹೆಚ್ಚುತ್ತವೆ. ನನ್ನ ಆಯ್ಕೆ ಆಗಸ್ಟ್ ಕೊನೆಯ ವಾರಗಳೇ. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಬೇಸಿಗೆ ರಜೆಯ ಕೊನೆಯ ದಿನಗಳಲ್ಲದೆ ಬೇರೆ ದಾರಿಯಿಲ್ಲ, ಅಲ್ಲಿನ ಪ್ರವಾಸದ ಋತುವೂ ಆ ಹೊತ್ತಿಗೆ ಆಗಷ್ಟೇ ತೆರೆದುಕೊಂಡಿರುತ್ತದೆ.

ಅಮೆರಿಕದ ಪ್ರವಾಸಿ ವೀಸಾಕ್ಕೆ ಡಿಎಸ್-160 ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ, ಚೆನ್ನೈ ಅಥವಾ ಹೈದರಾಬಾದಿನ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ದಿನ ಗೊತ್ತುಮಾಡಿಕೊಳ್ಳುವುದು ಬೆಂಗಳೂರಿನವರು ಅನುಸರಿಸುತ್ತ ಬಂದಿರುವ ಕ್ರಮ. ದಿನ ಸಿಗಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಮುಂದಿನ ಬೇಸಿಗೆಗೆ ಹೋಗುವವರು ಈ ವರ್ಷದ ದಸರೆಯ ಹೊತ್ತಿಗೆ ಅರ್ಜಿ ಹಾಕಿರುವುದು ಕ್ಷೇಮ. ವೀಸಾ ಕೈಗೆ ಬರುವ ಮೊದಲು ಹಣ ಹಿಂತಿರುಗದ ಟಿಕೆಟ್ ಕೊಳ್ಳಬೇಡಿ. ಕೆನಡಾದ ವ್ಯಾಂಕೂವರ್ ಮೂಲಕ ಹೋಗುವ ಟಿಕೆಟ್ ಅಗ್ಗವಾಗಿ ಕಂಡರೆ, ಭಾರತೀಯ ಪಾಸ್‌ಪೋರ್ಟಿಗೆ ಅಲ್ಲಿ ಹಾದುಹೋಗಲೂ ಪ್ರತ್ಯೇಕ ಅನುಮತಿ ಬೇಕಾಗಬಹುದೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಲೆಕ್ಕ ಹಾಕಿ.

ಬೆಂಗಳೂರಿನಿಂದ ಅಲಾಸ್ಕಾದ ದೊಡ್ಡ ನಗರವಾದ ಆಂಕರೇಜ್‌ಗೆ ನೇರ ವಿಮಾನವಿಲ್ಲ. ಸಿಯಾಟಲ್ ತಲುಪಿ ಅಲ್ಲಿಂದ ಸುಮಾರು ಮೂರೂವರೆ ಗಂಟೆ ಉತ್ತರಕ್ಕೆ ಹಾರುವುದು ಹೆಚ್ಚಿನವರು ಹಿಡಿಯುವ ದಾರಿ. ಬೇಸಿಗೆಯಲ್ಲಿ ಅಲಾಸ್ಕಾದ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ. ನಮಗೆ ನಡುಮಧ್ಯಾಹ್ನವಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ ಹತ್ತೂವರೆ. ಇಳಿದ ದಿನವೇ ಕಾರು ಓಡಿಸುವ ಸಾಹಸ ಬೇಡ. ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ, ಆಂಕರೇಜ್‌ನಲ್ಲಿ ಮಲಗಿ ಎದ್ದು ಹೊರಡಿ.

ಮೂರನೆಯ ಹೆಜ್ಜೆ: ಚೀಲದಲ್ಲಿ ಏನಿರಬೇಕು

ಎತ್ತರದ ಭಯ ಬೇಡ. ಕೆನೆಕಾಟ್ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಅಂದರೆ ಬೆಂಗಳೂರಿಗಿಂತಲೂ ಕೆಳಗೆ. ಚಳಿಗೆ ಕಾರಣ ಎತ್ತರವಲ್ಲ, ಉತ್ತರ. ಬೇಸಿಗೆಯ ಹಗಲು ನಮ್ಮ ಡಿಸೆಂಬರಿನ ಮುಂಜಾನೆಯಂತಿದ್ದರೂ ಮಳೆ ಬಂದು ಹಿಮನದಿಯ ಕಡೆಯಿಂದ ಗಾಳಿ ಬೀಸಿದರೆ ಕೈಬೆರಳು ಮರಗಟ್ಟುತ್ತದೆ. ಒಂದೇ ದಪ್ಪ ಸ್ವೆಟರಿಗಿಂತ ಮೂರು ತೆಳು ಪದರಗಳು, ಮೇಲೊಂದು ನಿಜವಾದ ಮಳೆ ಜಾಕೆಟ್, ಕಣಕಾಲನ್ನು ಹಿಡಿಯುವ ಬೂಟು, ಉಣ್ಣೆಯ ಕಾಲುಚೀಲ, ಮುಖಕ್ಕೆ ಸೊಳ್ಳೆಪರದೆಯ ಟೊಪ್ಪಿ: ಇವು ಸಾಕು. ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ, ಬಿಟ್ಟುಹೋಗಿ.

ಊಟದ ವಿಷಯದಲ್ಲಿ ನಮ್ಮವರು ಎರಡು ಬಗೆಯಲ್ಲಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಒಂದು, ಸಾಮಾನು ತುಂಬಿಕೊಂಡು ಹೋಗಿ ಅಮೆರಿಕದ ಕಸ್ಟಮ್ಸ್‌ನಲ್ಲಿ ಕಳೆದುಕೊಳ್ಳುವುದು. ಖಾಪ್ರಾ ಎಂಬ ಧಾನ್ಯದ ಹುಳುವಿನ ಕಾರಣದಿಂದ ಭಾರತದಿಂದ ಪ್ರಯಾಣಿಕರು ಅಕ್ಕಿಯನ್ನು ಒಯ್ಯುವುದಕ್ಕೆ ಅಲ್ಲಿ ನಿಷೇಧವಿದೆ. ಮಾಂಸ, ತಾಜಾ ಹಣ್ಣು, ಬಿತ್ತನೆ ಬೀಜಗಳಿಗೂ ತಡೆಯಿದೆ. ಮುಚ್ಚಿದ ಪೊಟ್ಟಣದ ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ, ಸಾರಿನಪುಡಿ, ಕಾಫಿಪುಡಿ ಇಂಥವನ್ನು ಒಯ್ಯಬಹುದು, ಆದರೆ ತಿನ್ನುವ ವಸ್ತು ಯಾವುದೇ ಇದ್ದರೂ ಘೋಷಣಾ ಪತ್ರದಲ್ಲಿ ಹೌದು ಎಂದೇ ಬರೆಯಿರಿ; ಘೋಷಿಸಿದ ವಸ್ತುವಿಗೆ ತಡೆಯಿದ್ದರೆ ಅದನ್ನು ತೆಗೆದು ಬಿಸಾಡುತ್ತಾರೆ, ಮುಚ್ಚಿಟ್ಟದ್ದು ಸಿಕ್ಕರೆ ದಂಡ ಬೀಳುತ್ತದೆ. ಎರಡನೆಯ ತೊಂದರೆ, ಎಲ್ಲವೂ ಊರಿನಲ್ಲಿ ಸಿಗುತ್ತದೆಂದು ಬರಿಗೈಯಲ್ಲಿ ಮೆಕಾರ್ಥಿ ತಲುಪುವುದು. ಅಲ್ಲಿಗೆ ಬರುವ ಪ್ರತಿಯೊಂದು ಮೊಟ್ಟೆಯೂ ಆಲೂಗಡ್ಡೆಯೂ ಊರಿಗಿರುವ ಒಂದೇ ಜಲ್ಲಿ ರಸ್ತೆಯಲ್ಲಿ ಅಥವಾ ಸಣ್ಣ ವಿಮಾನದಲ್ಲಿ ಬರುತ್ತದೆ, ಬೆಲೆಯೂ ಹಾಗೆಯೇ ಇರುತ್ತದೆ. ಅಕ್ಕಿ, ಬೇಳೆ, ಬ್ರೆಡ್ಡು, ಹಣ್ಣುಗಳನ್ನು ಆಂಕರೇಜ್‌ನ ದೊಡ್ಡ ಅಂಗಡಿಯಲ್ಲಿ ಕೊಂಡು ಕಾರಿಗೆ ತುಂಬಿಕೊಳ್ಳಿ. ಸಸ್ಯಾಹಾರಿಗಳು ವಸತಿಗೃಹಕ್ಕೆ ಮುಂಚಿತವಾಗಿ ಇಮೇಲ್ ಬರೆದು, ಮೀನು ಕೂಡ ತಿನ್ನುವುದಿಲ್ಲವೆಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು.

ಕರಡಿಗಳ ವಿಷಯ. ಕಪ್ಪು ಕರಡಿ, ಕಂದು ಕರಡಿ ಎರಡೂ ಅಲ್ಲಿವೆ. ಕರಡಿಯನ್ನು ಓಡಿಸುವ ಖಾರದ ಸ್ಪ್ರೇಯನ್ನು ಪ್ರಯಾಣಿಕರ ವಿಮಾನದಲ್ಲಿ ಕೈಚೀಲದಲ್ಲಾಗಲಿ ದೊಡ್ಡ ಚೀಲದಲ್ಲಾಗಲಿ ಒಯ್ಯುವಂತಿಲ್ಲ, ಆದ್ದರಿಂದ ಅದನ್ನು ಆಂಕರೇಜ್‌ನಲ್ಲಿ ಕೊಂಡು, ಹಿಂದಿರುಗುವಾಗ ಅಲ್ಲಿಯೇ ಯಾರಿಗಾದರೂ ಕೊಟ್ಟುಬರಬೇಕು. ಕ್ಯಾಂಪಿನ ಗ್ಯಾಸ್ ಡಬ್ಬಿಗೂ ಇದೇ ನಿಯಮ. ಡೇರೆಯಲ್ಲಿ ಮಲಗುವವರು ಆಹಾರವನ್ನು ಕರಡಿ ತೆರೆಯಲಾಗದ ಡಬ್ಬಿಯಲ್ಲಿಡಬೇಕು. ಅಂಥ ಡಬ್ಬಿಗಳನ್ನು ಈ ಊರುಗಳಿರುವ ರಾಷ್ಟ್ರೀಯ ಉದ್ಯಾನದವರು ಎರವಲು ಕೊಡುತ್ತಾರೆ. ಒಗ್ಗರಣೆಯ ವಾಸನೆ ಡೇರೆಗೆ ಹತ್ತದ ಹಾಗೆ ಅಡುಗೆಯನ್ನು ದೂರದಲ್ಲಿ ಮಾಡಿ.

ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಪ್ರವಾಸದ ಅವಧಿಗಿಂತ ಒಂದು ವಾರ ಹೆಚ್ಚಿಗೆ ಒಯ್ಯಿರಿ. ಮೆಕಾರ್ಥಿಯಲ್ಲಿ ಆಸ್ಪತ್ರೆಯಿಲ್ಲ, ವಿಮಾನದಲ್ಲಿ ರೋಗಿಯನ್ನು ಸಾಗಿಸುವ ವೆಚ್ಚವನ್ನೂ ಭರಿಸುವ ಪ್ರವಾಸಿ ವಿಮೆಯಿಲ್ಲದೆ ಹೊರಡಬೇಡಿ. ಎಟಿಎಂ ಕೂಡ ಇಲ್ಲದಿರುವುದರಿಂದ ಸ್ವಲ್ಪ ನಗದು ಡಾಲರ್ ಇರಲಿ.

ನಾಲ್ಕನೆಯ ಹೆಜ್ಜೆ: ಕಾರು ಬಾಡಿಗೆಗೆ ಪಡೆಯುವುದು, ಅಥವಾ ಪಡೆಯದಿರುವುದು

ನಿಮ್ಮ ವಿಳಾಸದ ಆರ್‌ಟಿಒ ಕಚೇರಿಯಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಳ್ಳಿ. ಅದಕ್ಕೆ ಒಂದು ವರ್ಷದ ಮಾನ್ಯತೆಯಿರುತ್ತದೆ. ಇದು ಸುಲಭದ ಭಾಗ. ಕಷ್ಟದ ಭಾಗವೆಂದರೆ, ಆಂಕರೇಜ್‌ನ ಅನೇಕ ಬಾಡಿಗೆ ಕಂಪನಿಗಳು ತಮ್ಮ ಕಾರನ್ನು ಮೆಕಾರ್ಥಿ ರಸ್ತೆಗೆ ಒಯ್ಯುವುದನ್ನು ಕರಾರಿನಲ್ಲಿಯೇ ನಿಷೇಧಿಸಿರುತ್ತವೆ. ಒಯ್ದರೆ ವಿಮೆ ಅನ್ವಯಿಸುವುದಿಲ್ಲ, ಕೆಟ್ಟು ನಿಂತರೆ ಎಳೆದುತರುವ ಖರ್ಚು ನಿಮ್ಮದೇ. ಜಲ್ಲಿ ರಸ್ತೆಗೆ ಅನುಮತಿ ಕೊಡುವ ಕಂಪನಿಗಳೂ ಇವೆ, ಬಾಡಿಗೆ ಹೆಚ್ಚಿರುತ್ತದೆ. ಬಾಯಿಮಾತಿನ ಭರವಸೆಯನ್ನು ನಂಬದೆ, ಮೆಕಾರ್ಥಿ ರಸ್ತೆಯ ಹೆಸರು ಕರಾರಿನಲ್ಲಿ ಬರಹದಲ್ಲಿರಬೇಕೆಂದು ಕೇಳಿ. ಜೊತೆಗೆ ಸ್ಟೆಪ್ನಿ ಪೂರ್ಣ ಗಾತ್ರದ್ದೇ, ಜಾಕ್ ಮತ್ತು ಪಾನ ಇವೆಯೇ ಎಂಬುದನ್ನು ಡಿಕ್ಕಿ ತೆರೆಸಿ ನೋಡಿ. ಅರ್ಧ ಗಾತ್ರದ ತಾತ್ಕಾಲಿಕ ಚಕ್ರ ಈ ರಸ್ತೆಗೆ ಸಾಲದು.

ಕಾರಿನ ತಲೆನೋವು ಬೇಡವೆನ್ನುವವರು ನಡುದಾರಿಯ ಊರಾದ ಗ್ಲೆನ್ನಾಲೆನ್‌ವರೆಗೆ ಬಂದು ಅಲ್ಲಿಂದ ವ್ಯಾನ್ ಹಿಡಿಯಬಹುದು, ಇಲ್ಲವೇ ಡಾಂಬರು ರಸ್ತೆಯ ಕೊನೆಯ ಊರಾದ ಚಿಟಿನಾದಿಂದ ಸಣ್ಣ ವಿಮಾನದಲ್ಲಿ ಹಾರಬಹುದು. ಹಿರಿಯರೊಂದಿಗೆ ಹೋಗುವವರಿಗೆ ವಿಮಾನವೇ ಸರಿ. ದುಡ್ಡು ಹೆಚ್ಚಾದರೂ ಪರ್ವತಗಳ ನೋಟ ಅದರಲ್ಲಿಯೇ ಬಂದುಬಿಡುತ್ತದೆ.

ಐದನೆಯ ಹೆಜ್ಜೆ: ಆಂಕರೇಜ್‌ನಿಂದ ನದಿಯ ದಡದವರೆಗೆ

ಒಟ್ಟು ದೂರ ಸುಮಾರು 500 ಕಿಲೋಮೀಟರ್, ಹಿಡಿಯುವ ಸಮಯ ಎಂಟು ಗಂಟೆಯಾದರೂ ಆಯಿತು. ಮೊದಲ 300 ಕಿಲೋಮೀಟರ್ ಗ್ಲೆನ್ ಹೆದ್ದಾರಿ, ಗ್ಲೆನ್ನಾಲೆನ್‌ವರೆಗೆ. ಬಲಬದಿಯಲ್ಲಿ ಓಡಿಸುವುದಕ್ಕೆ ಒಗ್ಗಿಕೊಳ್ಳಲು ಇಷ್ಟು ದೂರ ಸಾಕು. ಗ್ಲೆನ್ನಾಲೆನ್‌ನಲ್ಲಿ ಟ್ಯಾಂಕ್ ತುಂಬಿಸಿ, ಅರ್ಧ ಖಾಲಿಯಾಗಿದ್ದರೂ ತುಂಬಿಸಿ, ಏಕೆಂದರೆ ಅಲ್ಲಿಂದ ಹೋಗಿ ಬರುವ ದಾರಿ 400 ಕಿಲೋಮೀಟರಿಗೂ ಹೆಚ್ಚು, ನಡುವೆ ಇಂಧನ ಸಿಕ್ಕೀತೆಂದು ನಂಬುವಂತಿಲ್ಲ. ದಕ್ಷಿಣಕ್ಕೆ ತಿರುಗಿದ ಮೇಲೆ ಕಾಪರ್ ಸೆಂಟರ್ ಬಳಿ ರ್‍ಯಾಂಗಲ್-ಸೇಂಟ್ ಇಲಿಯಾಸ್ ರಾಷ್ಟ್ರೀಯ ಉದ್ಯಾನದ ಮುಖ್ಯ ಸಂದರ್ಶಕರ ಕೇಂದ್ರವಿದೆ. 1980ರಲ್ಲಿ ಘೋಷಿತವಾದ ಈ ಉದ್ಯಾನ ಅಮೆರಿಕದಲ್ಲಿಯೇ ಅತಿ ದೊಡ್ಡದು. ಅದರ ವಿಸ್ತೀರ್ಣ 53,000 ಚದರ ಕಿಲೋಮೀಟರಿಗಿಂತ ಹೆಚ್ಚು, ಅಂದರೆ ಕರ್ನಾಟಕದ ಕಾಲು ಭಾಗಕ್ಕೂ ಮಿಗಿಲು. ಪ್ರವೇಶ ಶುಲ್ಕವಿಲ್ಲ. ಅಲ್ಲಿ ನಿಂತು ಆ ದಿನದ ರಸ್ತೆಯ ಸ್ಥಿತಿಯನ್ನು ಕೇಳಿಕೊಳ್ಳಿ, ಕರಡಿ ಡಬ್ಬಿಯ ವಿಚಾರವನ್ನೂ ಅಲ್ಲಿಯೇ ಮುಗಿಸಿ.

ಚಿಟಿನಾದಲ್ಲಿ ಡಾಂಬರು ಮುಗಿಯುತ್ತದೆ. ಕಾಪರ್ ನದಿಯ ಸೇತುವೆಯಿಂದ ಕೆಳಗೆ ನೋಡಿದರೆ, ನೀರಿನ ಸೆಳೆತಕ್ಕೆ ತಾನಾಗಿಯೇ ತಿರುಗುತ್ತ ಸಾಲ್ಮನ್ ಮೀನನ್ನು ಬುಟ್ಟಿಗೆ ಎತ್ತಿಹಾಕುವ ದೊಡ್ಡ ಚಕ್ರಗಳು ಕಾಣುತ್ತವೆ. ಅಲಾಸ್ಕಾದ ನಿವಾಸಿಗಳಿಗೆ ಅದು ವರ್ಷದ ಊಟ, ಪ್ರವಾಸಿಗರಿಗೆ ಬರೀ ನೋಟ. ಇದು ಆಟ್ನಾ ಜನರ ನೆಲ. ಗಣಿಗಾರರು ಬರುವ ಬಹಳ ಮೊದಲೇ ಅವರು ನದಿಪಾತ್ರದಲ್ಲಿ ಸಿಗುವ ತಾಮ್ರವನ್ನು ಬಡಿದು ಉಪಕರಣ ಮಾಡಿಕೊಳ್ಳುತ್ತಿದ್ದರು. ತಾಮ್ರವಿರುವ ಜಾಗವೊಂದನ್ನು ಹೊರಗಿನವರಿಗೆ 1899ರಲ್ಲಿ ತೋರಿಸಿಕೊಟ್ಟವನೂ ಅವರ ಮುಖಂಡ ನಿಕೋಲಾಯ್.

ಚಿಟಿನಾದಿಂದ ಮುಂದಿನ 97 ಕಿಲೋಮೀಟರ್ ಜಲ್ಲಿ ರಸ್ತೆ ಹಳೆಯ ರೈಲು ಹಳಿಯ ಏರಿಯ ಮೇಲೆಯೇ ಸಾಗುತ್ತದೆ. ಸಮುದ್ರ ತೀರದ ಕಾರ್ಡೋವಾ ಬಂದರಿನಿಂದ ಗಣಿಯವರೆಗಿನ 315 ಕಿಲೋಮೀಟರ್ ರೈಲುಮಾರ್ಗವನ್ನು 1907ರಿಂದ 1911ರವರೆಗೆ ನಾಲ್ಕು ವರ್ಷಗಳಲ್ಲಿ, 2 ಕೋಟಿ ಡಾಲರಿಗೂ ಮೀರಿದ ವೆಚ್ಚದಲ್ಲಿ ಕಟ್ಟಿದರು. ಒಂದು ಚೂರೂ ತಾಮ್ರ ಮಾರುವ ಮೊದಲೇ ಇಷ್ಟು ಹಣ ಸುರಿಯಲು ಬ್ಯಾಂಕರ್ ಜೆ. ಪಿ. ಮಾರ್ಗನ್ ಮತ್ತು ಗಣಿ ಉದ್ಯಮದ ಗುಗನ್‌ಹೈಮ್ ಕುಟುಂಬದಂಥವರು ಮಾತ್ರ ಶಕ್ತರಿದ್ದರು, ಅವರೇ ಹಾಕಿದರು. ಹಳಿ ಕಿತ್ತರೂ ಹಳೆಯ ಮೊಳೆಗಳು ಇಂದಿಗೂ ಮಣ್ಣಿನಿಂದ ತಲೆಯೆತ್ತಿ ಟೈರಿಗೆ ಚುಚ್ಚುತ್ತವೆ; ಸ್ಟೆಪ್ನಿಯ ಬಗ್ಗೆ ಮೇಲೆ ಒತ್ತಿ ಹೇಳಿದ್ದು ಇದಕ್ಕೇ. ವೇಗದ ಮಿತಿ ಗಂಟೆಗೆ 56 ಕಿಲೋಮೀಟರ್, ಅದಕ್ಕಿಂತಲೂ ನಿಧಾನವಾಗಿ ಹೋಗಿ, ಎರಡೂವರೆ ಮೂರು ಗಂಟೆ ಇಟ್ಟುಕೊಳ್ಳಿ. ಫೋನಿನ ಸಿಗ್ನಲ್ ಬಹುಪಾಲು ಇರುವುದಿಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ನಿಲ್ಲಬೇಕಾದ ಜಾಗಗಳು ಎರಡು. 27ನೆಯ ಕಿಲೋಮೀಟರಿನ ಹೊತ್ತಿಗೆ ಕುಸ್ಕುಲಾನಾ ನದಿಯ ಮೇಲಿನ 1910ರ ಉಕ್ಕಿನ ಸೇತುವೆ ಬರುತ್ತದೆ. ನೀರು 70 ಮೀಟರಿಗಿಂತಲೂ ಕೆಳಗಿದೆ, ಸೇತುವೆಗೆ ಒಂದೇ ಗಾಡಿಯ ಅಗಲ. ಎದುರಿನಿಂದ ಯಾರೂ ಬರುತ್ತಿಲ್ಲವೆಂದು ಖಚಿತವಾದ ಮೇಲೆ ಏರಿರಿ. ಇನ್ನೂ ಸುಮಾರು 20 ಕಿಲೋಮೀಟರ್ ಮುಂದೆ, ಗಿಲಹೀನಾದಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ರೈಲುಸೇತುವೆಯೊಂದು ವಾಲಿಕೊಂಡು ನಿಂತಿದೆ. ಅದನ್ನು 1911ರ ಕಡುಚಳಿಗಾಲದಲ್ಲಿ ಎಂಟೇ ದಿನಗಳಲ್ಲಿ ಎಬ್ಬಿಸಿದ್ದರು. ಅದರ ಮೇಲೆ ಹತ್ತುವುದು ಅಪಾಯ. ಕೆಳಗಿನಿಂದ ನೋಡಿದರೆ ಸಾಕು.

ಆರನೆಯ ಹೆಜ್ಜೆ: ಸೇತುವೆ ದಾಟಿ ಮೆಕಾರ್ಥಿಯೊಳಗೆ

ರಸ್ತೆ ಕೊನೆಯಾಗುವಲ್ಲಿ ಖಾಸಗಿ ಜಾಗದಲ್ಲಿ ಶುಲ್ಕ ಕೊಟ್ಟು ಕಾರು ನಿಲ್ಲಿಸಬೇಕು. ಮೊದಲು ಇಲ್ಲಿ ತಂತಿಗೆ ನೇತುಹಾಕಿದ ತೊಟ್ಟಿಲಿನಲ್ಲಿ ಕೂತು, ಹಗ್ಗವನ್ನು ಕೈಯಿಂದಲೇ ಎಳೆದುಕೊಂಡು ನದಿ ದಾಟಬೇಕಾಗಿತ್ತು. ಕಾಲುಸೇತುವೆ ಬಂದದ್ದು 1997ರಲ್ಲಿ. ಊರು ಅಲ್ಲಿಂದ ಸುಮಾರು ಒಂದು ಕಿಲೋಮೀಟರ್. ಕೆನೆಕಾಟ್‌ಗೆ ಹೋಗುವ ವ್ಯಾನ್ ಆಚೆ ದಡದಲ್ಲಿ ಸಿಗುತ್ತದೆ. ನದಿಯ ಪಾತ್ರದಲ್ಲಿ ಮಾತ್ರ ಡೇರೆ ಹಾಕಬೇಡಿ: ಹಿಮನದಿಯ ಹಿಂದೆ ಕಟ್ಟಿಕೊಳ್ಳುವ ಹಿಡನ್ ಕ್ರೀಕ್ ಸರೋವರವು ಬೇಸಿಗೆಯಲ್ಲಿ ಒಮ್ಮೆ, ಹೆಚ್ಚಾಗಿ ಜುಲೈ ಸುಮಾರಿಗೆ, ಮಂಜುಗಡ್ಡೆಯ ಕೆಳಗಿನಿಂದ ಕೊರೆದುಕೊಂಡು ಬರಿದಾಗುತ್ತದೆ, ಆಗ ನದಿ ಒಮ್ಮೆಗೇ ಉಕ್ಕುತ್ತದೆ. ಊರಿನವರು ಅದನ್ನು ನೋಡಲು ಸೇತುವೆಯ ಬಳಿ ಸೇರುವುದುಂಟು.

ಕೆನೆಕಾಟ್ ಕಂಪನಿಯ ಊರಾಗಿದ್ದು ಅಲ್ಲಿ ಮದ್ಯಕ್ಕೆ ಅವಕಾಶವಿರಲಿಲ್ಲ. ಆದ್ದರಿಂದ ಕುಡಿತ, ಜೂಜು, ವೇಶ್ಯಾಗೃಹ ಎಲ್ಲವೂ 8 ಕಿಲೋಮೀಟರ್ ಕೆಳಗೆ ಮೆಕಾರ್ಥಿಯಲ್ಲಿ ನೆಲೆಯೂರಿದವು. ಮೇಲಿನ ಊರಿನ ಶಿಸ್ತು ಕೆಳಗಿನ ಊರಿನ ಗಲ್ಲಾಪೆಟ್ಟಿಗೆಯಾಯಿತೆನ್ನಬಹುದು. ಹಳೆಯ ರೈಲು ನಿಲ್ದಾಣದಲ್ಲಿರುವ ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ಅರ್ಧ ಗಂಟೆ ಕಳೆದರೆ ಈ ಎರಡು ಊರುಗಳ ನಂಟು ಅರ್ಥವಾಗುತ್ತದೆ, ಮೇಲೆ ಹೋಗುವ ಮೊದಲೇ ಅದನ್ನು ನೋಡಿ.

ನಡವಳಿಕೆಯ ಬಗ್ಗೆ ಒಂದು ಮಾತು ಬೇಕೇಬೇಕು. ಅಲ್ಲಿ ಪಾಳುಬಿದ್ದಂತೆ ಕಾಣುವ ಮನೆಯಲ್ಲಿ ಯಾರೋ ವಾಸವಾಗಿರುತ್ತಾರೆ. ಉದ್ಯಾನದ ಒಳಗೇ ಇದ್ದರೂ ಅನೇಕ ಜಾಗಗಳು ಖಾಸಗಿಯವು. ಸರಣಿಯಲ್ಲಿ ಕಂಡ ಮುಖವನ್ನು ಗುರುತಿಸಿ ಸೆಲ್ಫಿಗೆ ನಿಲ್ಲಿಸುವುದು, ಕಿಟಕಿಯಲ್ಲಿ ಇಣುಕುವುದು, ಡ್ರೋನ್ ಹಾರಿಸುವುದು ಬೇಡ. ಉದ್ಯಾನದ ನೆಲದಿಂದ ಡ್ರೋನ್ ಹಾರಿಸುವುದು ಕಾನೂನಿನಲ್ಲಿಯೇ ನಿಷಿದ್ಧ. ಟಿವಿಗೆ ನಾಟಕೀಯತೆ ಬೇಕಿತ್ತು, ಅದು ಊರಿನ ಕೆಲವೇ ಮಂದಿಯನ್ನು ಹಿಡಿದು ಎರಡು ಪಕ್ಷ ಕಟ್ಟಿತು. ನಿಜದಲ್ಲಿ ಸೌದೆ ಒಡೆಯುವುದು, ನೀರು ಹೊರುವುದು, ಪ್ರವಾಸಿಗರಿಗೆ ಅಡುಗೆ ಮಾಡುವುದು, ಚಳಿಗಾಲಕ್ಕೆ ಸಾಮಾನು ಕೂಡಿಡುವುದು ಇಂಥವುಗಳಲ್ಲಿ ದಿನ ಕಳೆಯುವ ಊರು ಅದು. ಇನ್ನೊಂದು ವಿಷಯವನ್ನು ತಿಳಿದಿರಬೇಕು, ಆದರೆ ಕೇಳಬಾರದು. 1983ರ ಮಾರ್ಚ್ 1ರಂದು, ಅಂಚೆ ವಿಮಾನ ಬರುವ ದಿನ, ಒಬ್ಬ ನಿವಾಸಿ ಗುಂಡು ಹಾರಿಸಿ ಆರು ಮಂದಿಯನ್ನು ಕೊಂದ. ಆಗ ಊರಿನಲ್ಲಿದ್ದವರೇ ಇಪ್ಪತ್ತು ಚಿಲ್ಲರೆ ಜನ. ಅದನ್ನು ಕುತೂಹಲದ ಕಥೆಯಾಗಿ ಊಟದ ಮೇಜಿನ ಮೇಲೆ ಎತ್ತಬೇಡಿ.

ಏಳನೆಯ ಹೆಜ್ಜೆ: ಹದಿನಾಲ್ಕು ಅಂತಸ್ತಿನ ಕಾರ್ಖಾನೆ

ಇಡೀ ಪ್ರವಾಸದ ತಿರುಳು ಇಲ್ಲಿದೆ. ಇದಕ್ಕೆ ಒಂದು ಪೂರ್ಣ ದಿನ ಮೀಸಲಿಡಿ. ಕೆನೆಕಾಟ್‌ನ ಬೆಟ್ಟದ ಇಳಿಜಾರಿಗೆ ಅಂಟಿಕೊಂಡು ನಿಂತಿರುವ, ಅದಿರು ಸಂಸ್ಕರಿಸುತ್ತಿದ್ದ ಮರದ ಕಟ್ಟಡದೊಳಗೆ ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಪ್ರವೇಶ, ಅದಕ್ಕೆ ಶುಲ್ಕವಿದೆ, ಜಾಗವನ್ನು ಮುಂಚಿತವಾಗಿ ಕಾದಿರಿಸಬೇಕು. ಒಳಗೆ ಕಡಿದಾದ ಮರದ ಏಣಿಮೆಟ್ಟಿಲುಗಳಿರುವುದರಿಂದ ಮಂಡಿನೋವಿನವರು ಮೊದಲೇ ಯೋಚಿಸಿ ನಿರ್ಧರಿಸಬೇಕು.

1900ರ ಬೇಸಿಗೆಯಲ್ಲಿ ಜ್ಯಾಕ್ ಸ್ಮಿತ್ ಮತ್ತು ಕ್ಲಾರೆನ್ಸ್ ವಾರ್ನರ್ ಎಂಬ ಇಬ್ಬರು ಅದಿರು ಹುಡುಕುವವರಿಗೆ ಎತ್ತರದಲ್ಲಿ ಹಸಿರು ಬಯಲಿನಂತೆ ಕಂಡದ್ದು ತಾಮ್ರದ ಅದಿರಾಗಿತ್ತು. ಸ್ಟೀಫನ್ ಬರ್ಚ್ ಎಂಬ ಎಂಜಿನಿಯರ್ ಆ ಹಕ್ಕುಗಳನ್ನು ಕೊಂಡು ಬಂಡವಾಳಗಾರರನ್ನು ಒಟ್ಟುಗೂಡಿಸಿದ. ಬೊನಾಂಜಾ, ಜಂಬೋ, ಮದರ್ ಲೋಡ್, ಈರಿ ಎಂಬ ಗಣಿಗಳು ಬೆಟ್ಟದ ಮೇಲ್ಭಾಗದಲ್ಲಿದ್ದವು. ಅಲ್ಲಿನ ಅತ್ಯುತ್ತಮ ಅದಿರಿನಲ್ಲಿ ನೂರಕ್ಕೆ 70ರಷ್ಟು ತಾಮ್ರವೇ ಇತ್ತು. ಇಂದು ನೂರಕ್ಕೆ ಒಂದು ಭಾಗ ತಾಮ್ರವೂ ಇಲ್ಲದ ಅದಿರನ್ನು ಅಗೆಯುವ ಗಣಿಗಳಿವೆ ಎಂಬುದನ್ನು ನೆನೆದರೆ ಬೆಟ್ಟದ ಬೆಲೆ ತಿಳಿಯುತ್ತದೆ. ಗಣಿಯಿಂದ ಅದಿರು ಉಕ್ಕಿನ ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ಕಾರ್ಖಾನೆಯ ನೆತ್ತಿಗೆ ಇಳಿಯುತ್ತಿತ್ತು. ಅಲ್ಲಿಂದ ಅದು ಅಂತಸ್ತಿನಿಂದ ಅಂತಸ್ತಿಗೆ ತನ್ನ ಭಾರದಿಂದಲೇ ಜಾರುತ್ತ, ಒಡೆದು, ಜರಡಿಯಾಗಿ, ನೀರಿನಲ್ಲಿ ಅಲುಗಾಡಿ ಭಾರದ ಪ್ರಕಾರ ಬೇರ್ಪಟ್ಟು, ಕೆಳಗೆ ಚೀಲ ಸೇರಿ ರೈಲು ಹತ್ತುತ್ತಿತ್ತು. ಕಟ್ಟಡ ಹದಿನಾಲ್ಕು ಅಂತಸ್ತು ಇರುವುದು ಆಡಂಬರಕ್ಕಲ್ಲ, ಗುರುತ್ವಾಕರ್ಷಣೆಯನ್ನು ಸಂಬಳವಿಲ್ಲದ ಆಳಾಗಿ ದುಡಿಸಿಕೊಳ್ಳುವುದಕ್ಕೆ.

ಮಾರ್ಗದರ್ಶಕರಿಗೆ ಅಮೋನಿಯಾ ಕಟ್ಟಡವನ್ನು ವಿವರಿಸುವಂತೆ ಕೇಳಿ. ಇಲ್ಲಿನ ತಾಮ್ರ ಸುಣ್ಣಕಲ್ಲಿನೊಳಗೆ ಸೇರಿಕೊಂಡಿತ್ತು. ಮಾಮೂಲಿ ಆಮ್ಲ ಸುರಿದರೆ ಅದು ಸುಣ್ಣವನ್ನೇ ತಿಂದು ಮುಗಿಸಿಬಿಡುತ್ತದೆ. ಅಮೋನಿಯಾ ಸುಣ್ಣವನ್ನು ಮುಟ್ಟದೆ ತಾಮ್ರವನ್ನಷ್ಟೇ ಕರಗಿಸುತ್ತದೆ. ಹೀಗೆ ಮೊದಲು ಕಸವೆಂದು ಬಿಟ್ಟದ್ದರಿಂದಲೂ ತಾಮ್ರ ಬಂತು. ವಿಜ್ಞಾನ ಓದುವ ಮಕ್ಕಳಿಗೆ ಈ ಒಂದು ಕೋಣೆ ಸಾಕು.

ಗರಿಷ್ಠ ಕಾಲದಲ್ಲಿ ಕೆಳಗಿನ ಊರಿನಲ್ಲಿ ಸುಮಾರು 300 ಮಂದಿ, ಮೇಲಿನ ಗಣಿಗಳಲ್ಲಿ 200ರಿಂದ 300 ಮಂದಿ ದುಡಿಯುತ್ತಿದ್ದರು. ಆಸ್ಪತ್ರೆ, ಶಾಲೆ, ಟೆನಿಸ್ ಅಂಗಳ, ಹಾಲಿನ ಡೈರಿ ಎಲ್ಲ ಇದ್ದವು, ಆದರೆ ಗಣಿಯ ಬಂಕ್‌ಹೌಸಿನಲ್ಲಿ ಮಲಗುವವನಿಗೆ ಟೆನಿಸ್ ಅಂಗಳ ಬೆಟ್ಟದ ಕೆಳಗಿತ್ತು. 1911ರಿಂದ 1938ರವರೆಗೆ 5 ಲಕ್ಷ ಟನ್ನಿಗೂ ಹೆಚ್ಚು ತಾಮ್ರ ಹೊರಬಂತು. ಶ್ರೀಮಂತ ಅದಿರು ಮುಗಿಯಿತು, ತಾಮ್ರದ ಬೆಲೆ ಇಳಿಯಿತು, ಅಷ್ಟರಲ್ಲಿ ಕಂಪನಿ ಬೇರೆ ಕಡೆ ದೊಡ್ಡ ಗಣಿಗಳನ್ನು ಮಾಡಿಕೊಂಡಿತ್ತು. ಕೊನೆಯ ರೈಲು 1938ರ ನವೆಂಬರಿನಲ್ಲಿ ಹೊರಟಿತು. ಅದಾದ ಅರುವತ್ತು ವರ್ಷಕ್ಕೆ, 1998ರಲ್ಲಿ, ರಾಷ್ಟ್ರೀಯ ಉದ್ಯಾನ ಸೇವೆ ಈ ಕಟ್ಟಡಗಳನ್ನು ಕೊಂಡು ದುರಸ್ತಿಗೆ ತೊಡಗಿತು. ಎಲ್ಲವನ್ನೂ ಹೊಸದು ಮಾಡದೆ, ಬೀಳದ ಹಾಗೆ ಆಧಾರ ಕೊಟ್ಟು ನಿಲ್ಲಿಸುವುದು ಅವರ ಕ್ರಮ. ಕೆಜಿಎಫ್‌ನ ಬಂಗಲೆಗಳನ್ನೂ ಷಾಫ್ಟ್‌ಗಳನ್ನೂ ನೋಡಿಬಂದವರಿಗೆ ಇಲ್ಲಿ ಹೊಟ್ಟೆಕಿಚ್ಚಾದರೆ ಅದು ಸಹಜ.

ಕಾರ್ಖಾನೆಯ ಮುಂದೆ ನಿಂತು ಕೆಳಗಿನ ಕಣಿವೆಯನ್ನು ನೋಡಿದಾಗ ಬೂದುಬಣ್ಣದ ಕಲ್ಲುಮಣ್ಣಿನ ದಿಬ್ಬಗಳು ಮೈಲುಗಟ್ಟಲೆ ಕಾಣುತ್ತವೆ. ಸೈನೈಡ್ ದಿಬ್ಬಗಳನ್ನು ಕಂಡ ಕಣ್ಣು ತಕ್ಷಣ ಇವೂ ಗಣಿಯ ತ್ಯಾಜ್ಯವೆಂದು ತೀರ್ಮಾನಿಸುತ್ತದೆ. ಅಲ್ಲ. ಅದು ಕೆನೆಕಾಟ್ ಹಿಮನದಿಯೇ: ಮೇಲೆ ಹೊದ್ದಿರುವುದು ಅದು ಬೆಟ್ಟಗಳಿಂದ ಉಜ್ಜಿ ತಂದ ಕಲ್ಲುಮಣ್ಣು, ಕೆಳಗಿರುವುದು ಮಂಜುಗಡ್ಡೆ. ಗಣಿ ನಡೆಯುತ್ತಿದ್ದಾಗ ಮಂಜಿನ ಮಟ್ಟ ಎಷ್ಟು ಎತ್ತರವಿತ್ತೆಂದರೆ ಊರಿನಿಂದ ಕಣಿವೆಯ ಆಚೆ ಬದಿ ಕಾಣುತ್ತಿರಲಿಲ್ಲ. ಹಳೆಯ ಫೋಟೋಗಳಲ್ಲಿ ಇದು ಸ್ಪಷ್ಟವಾಗಿದೆ, ಅವನ್ನು ಅಲ್ಲಿಯೇ ನಿಂತು ಹೋಲಿಸಿ ನೋಡಿ.

ಎಂಟನೆಯ ಹೆಜ್ಜೆ: ಹಿಮನದಿ ಮತ್ತು ಬೊನಾಂಜಾ

ಊರಿನಿಂದ ರೂಟ್ ಹಿಮನದಿಗೆ ಸುಮಾರು 3 ಕಿಲೋಮೀಟರ್ ಕಾಲುದಾರಿ, ಬಹುಮಟ್ಟಿಗೆ ಸಮತಟ್ಟು. ಇದರ ಮೇಲೆ ಕಲ್ಲುಮಣ್ಣಿಲ್ಲ. ಬಿಳಿ, ನೀಲಿ ಮಂಜಿನ ಮೇಲೆ ಸಣ್ಣ ತೊರೆಗಳು ಹರಿಯುತ್ತವೆ. ಅಂಚಿನವರೆಗೆ ಯಾರಾದರೂ ನಡೆದುಹೋಗಬಹುದು, ಮಂಜಿನ ಮೇಲೆ ಕಾಲಿಡುವುದಾದರೆ ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಪಟ್ಟಿಯೂ ಮಾರ್ಗದರ್ಶಕರೂ ಬೇಕು. ಬಿರುಕುಗಳನ್ನು ಗುರುತಿಸುವ ಕಣ್ಣು ನಮಗಿಲ್ಲ. ಮುಳ್ಳುಪಟ್ಟಿಯನ್ನು ಅವರೇ ಕೊಡುತ್ತಾರೆ.

ಬೊನಾಂಜಾ ಗಣಿಯ ಏರು ಬೇರೆ ಮಾತು. ಹೋಗಿಬರಲು 14 ಕಿಲೋಮೀಟರಿಗೂ ಹೆಚ್ಚು, ಏರುವುದು ಸುಮಾರು 1,150 ಮೀಟರ್. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರಿಗೆ ಇದು ಹೆಚ್ಚೇನಲ್ಲ, ಸ್ಕಂದಗಿರಿಯಷ್ಟೇ ಅಭ್ಯಾಸವಿರುವವರಿಗೆ ಹೆಚ್ಚಾಯಿತು. ಕೊನೆಯ ಭಾಗ ಸಡಿಲ ಕಲ್ಲು. ದಾರಿಯ ಮೇಲ್ಭಾಗದಲ್ಲಿ ನೀರು ಸಿಗುವುದು ಕಡಿಮೆ, ಕೆಳಗಿನಿಂದಲೇ ತುಂಬಿಕೊಂಡು ಹೋಗಿ. ಮಾತಾಡುತ್ತ, ಆಗಾಗ ಕೂಗುತ್ತ ನಡೆಯಿರಿ. ಕರಡಿಯನ್ನು ಬೆಚ್ಚಿಬೀಳಿಸುವುದಕ್ಕಿಂತ ನಾವು ಬರುವುದನ್ನು ಮೊದಲೇ ತಿಳಿಸುವುದು ಮೇಲು. ಗಣಿಯ ಸುರಂಗದೊಳಕ್ಕೆ ಯಾವ ಕಾರಣಕ್ಕೂ ಹೋಗಬೇಡಿ, ನೆಲದಲ್ಲಿ ಬಿದ್ದಿರುವ ಹಸಿರು ಕಲ್ಲು, ಹಳೆಯ ಬೋಲ್ಟು ಯಾವುದನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ, ಅದು ಉದ್ಯಾನದ ನಿಯಮಕ್ಕೆ ವಿರುದ್ಧ.

ಮೋಡವಿಲ್ಲದ ದಿನ ಸಿಕ್ಕರೆ, ಉಳಿದ ಹಣವನ್ನು ಸಣ್ಣ ವಿಮಾನದ ಸುತ್ತಾಟಕ್ಕೆ ಖರ್ಚುಮಾಡಿ. 4,996 ಮೀಟರ್ ಎತ್ತರದ ಬ್ಲ್ಯಾಕ್‌ಬರ್ನ್ ಶಿಖರ ಊರಿನಿಂದಲೂ ಕಾಣುತ್ತದೆ, ಆದರೆ ಅಲ್ಲಿಂದ ಇಳಿಯುವ ಹಿಮನದಿಗಳು ಒಂದಕ್ಕೊಂದು ಸೇರುವುದು ಮೇಲಿನಿಂದ ಮಾತ್ರ ಕಾಣುವ ನೋಟ. ಹವೆ ಕೆಟ್ಟರೆ ವಿಮಾನ ಹೊರಡುವುದಿಲ್ಲ, ಅದಕ್ಕೆ ಪೈಲಟನೊಂದಿಗೆ ವಾದಿಸಬೇಡಿ.

ಹಿಂದಿರುಗುವಾಗ

ಮೆಕಾರ್ಥಿಯಲ್ಲಿ ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ: ಒಂದು ದಿನ ಕಾರ್ಖಾನೆಗೆ, ಒಂದು ದಿನ ಹಿಮನದಿಗೆ ಅಥವಾ ಬೊನಾಂಜಾಕ್ಕೆ, ಒಂದು ದಿನ ಮಳೆಗೆ. ಆಂಕರೇಜ್‌ನಿಂದ ಮರಳುವ ವಿಮಾನಕ್ಕೂ ಮೆಕಾರ್ಥಿ ಬಿಡುವ ದಿನಕ್ಕೂ ನಡುವೆ ಒಂದು ಪೂರ್ಣ ದಿನದ ಅಂತರವಿರಲಿ, ಏಕೆಂದರೆ ಮಳೆಗೆ ರಸ್ತೆ ಕೊಚ್ಚಿಹೋದರೆ ಅಥವಾ ಎರಡು ಟೈರು ಒಟ್ಟಿಗೆ ಹೋದರೆ ಸಹಾಯ ಬರಲು ಅಷ್ಟು ಹೊತ್ತಾಗುತ್ತದೆ. ನಿಮ್ಮ ಕಸವನ್ನು ಮೂಟೆ ಕಟ್ಟಿ ಹೊರಗೆ ತನ್ನಿ. ಊರಿನಲ್ಲಿ ಬಿಟ್ಟರೆ ಅದನ್ನೂ ಯಾರಾದರೂ ಅದೇ ರಸ್ತೆಯಲ್ಲಿ ಹೊತ್ತು ತರಬೇಕಾಗುತ್ತದೆ. ಎರವಲು ಪಡೆದ ಕರಡಿ ಡಬ್ಬಿಯನ್ನು ಎಲ್ಲಿ ಹಿಂದಿರುಗಿಸಬೇಕೆಂಬುದನ್ನು ಪಡೆಯುವಾಗಲೇ ಕೇಳಿ ಬರೆದುಕೊಂಡಿರಿ. ಚಿಟಿನಾದಲ್ಲಿ ಡಾಂಬರು ಮುಟ್ಟಿದ ಕೂಡಲೇ ಇಳಿದು ನಾಲ್ಕೂ ಚಕ್ರಗಳನ್ನು ಕೈಯಿಂದ ಮುಟ್ಟಿ ನೋಡಿ, ಗಾಜಿಗೆ ಜಲ್ಲಿ ಬಡಿದ ಗುರುತಿದ್ದರೆ ಫೋಟೋ ತೆಗೆದುಕೊಳ್ಳಿ, ಗ್ಲೆನ್ನಾಲೆನ್‌ನಲ್ಲಿ ಟ್ಯಾಂಕ್ ತುಂಬಿಸಿ, ಕಾರನ್ನು ತೊಳೆಸಿಕೊಂಡೇ ಬಾಡಿಗೆ ಕಚೇರಿಗೆ ಒಪ್ಪಿಸಿ.